ಹಳೆಯ ಹಾಯಿದೋಣಿಯ ತಳದಲ್ಲಿ ನೀರು: ಬರುವ ದಾರಿ ಹುಡುಕುವ ಬಗೆ

ಫ್ರಾನ್ಸಿನ ಶೆರ್ಬೂರ್ ಬಂದರಿನಲ್ಲಿ ಹಗ್ಗ ಕಟ್ಟಿ, ಚಹಾ ಮಾಡೋಣ ಅಂತ ಕ್ಯಾಬಿನ್ನಿಗೆ ಇಳಿದೆ. ನೆಲದ ಹಲಗೆ ಕಾಲಡಿಯಲ್ಲಿ ಮೆತ್ತಗೆ ಅಲುಗಿತು. ಎತ್ತಿ ನೋಡಿದರೆ ಕೆಳಗೆಲ್ಲ ನೀರು. ಮಗ್ಗಿನಲ್ಲಿ ಮೊಗೆದು ಬಕೆಟ್ಟಿಗೆ ಸುರಿದು ಅಳೆದೆ. 38 ಲೀಟರ್. ತಳದ ನೀರು ತೆಗೆಯುವ ಆಟೋಮ್ಯಾಟಿಕ್ ಪಂಪು ದಾರಿಯುದ್ದಕ್ಕೂ ಓಡಿತ್ತು, ಬ್ಯಾಟರಿ ಇಳಿದುಹೋಗಿತ್ತು. ನೀರು ಮಾತ್ರ ಇದ್ದಲ್ಲೇ ಇತ್ತು.

ದೋಣಿ 27 ಅಡಿಯದು. 1974ರಲ್ಲಿ ಕಟ್ಟಿದ ಫೈಬರ್ ದೋಣಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹ್ಯಾಂಬಲ್ ನದಿಯಲ್ಲಿ ಇಟ್ಟಿದ್ದೇನೆ. ಇದನ್ನು ದೂರದ ಪ್ರಯಾಣಕ್ಕೆ ಸಜ್ಜು ಮಾಡಿ, ಫಾಲ್ಮತ್‌ನಿಂದ ಬಿಸ್ಕೆ ಕೊಲ್ಲಿ ದಾಟಿ ಸ್ಪೇನಿನ ಲಾ ಕೊರುನ್ಯಾಕ್ಕೆ ಹೋಗಬೇಕು ಅನ್ನುವುದು ಆಸೆ. ಸುಮಾರು 450 ನಾಟಿಕಲ್ ಮೈಲು. ನಮ್ಮ ದೋಣಿಯ ವೇಗಕ್ಕೆ ನಾಲ್ಕೈದು ದಿನ. ಬಂದರಿನಲ್ಲಿ ದಿನಕ್ಕೆ ಒಂದು ಲೋಟ ನೀರು ಸೋರಿದರೆ ಸ್ಪಂಜಿನಲ್ಲಿ ಒರೆಸಿ ಸುಮ್ಮನಾಗಬಹುದು. ಬಿಸ್ಕೆಯ ನಡುವೆ, ರಾತ್ರಿ ಎರಡು ಗಂಟೆಗೆ, ಒಂದೇ ಕಡೆ ವಾಲಿಕೊಂಡು ಓಡುವ ದೋಣಿಯಲ್ಲಿ ಅದೇ ನೀರು ಬ್ಯಾಟರಿ ಮುಟ್ಟುತ್ತದೆ. ಆಮೇಲೆ ದೀಪ ಇಲ್ಲ, ರೇಡಿಯೋ ಇಲ್ಲ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಅಲ್ಲಿಗೆ ಎರಡು ಚಳಿಗಾಲ ಈ ದೋಣಿಯ ಮೇಲೆ ಕೆಲಸ ಮಾಡಿದ್ದೆ. ಎಲ್ಲ ಕಿಟಕಿಗಳನ್ನೂ ಬಿಚ್ಚಿ ಹೊಸ ಅಂಟು ಹಾಕಿ ಕೂರಿಸಿದ್ದೆ. ಎಂಜಿನ್ನಿನ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದ್ದೆ. ಎರಡೂ ಬೇಕಾದ ಕೆಲಸವೇ. ಆದರೆ ಆ 38 ಲೀಟರ್‌ಗೂ ಅವಕ್ಕೂ ಸಂಬಂಧ ಇರಲಿಲ್ಲ. ನೀರು ಎಲ್ಲಿಂದ ಬರುತ್ತದೆ ಅಂತ ತಿಳಿಯುವ ಮೊದಲೇ ಮುಚ್ಚಲು ಹೊರಟಿದ್ದೆ. ಇದೇ ಸ್ಥಿತಿಯಲ್ಲಿ ಇರುವ ಬೇರೆಯವರಿಗೆ ಆ ಎರಡು ಚಳಿಗಾಲ ಉಳಿಯಲಿ ಅಂತ ಹುಡುಕಿದ ಕ್ರಮವನ್ನೆಲ್ಲ ಬರೆಯುತ್ತಿದ್ದೇನೆ.

ಆ ರಾತ್ರಿ ಹೊನ್ನಾವರಕ್ಕೆ ಫೋನ್ ಮಾಡಿದಾಗ ಅಪ್ಪನಿಗೆ ವಿಷಯ ಹೇಳಿದೆ. ಅಪ್ಪನಿಗೆ ಹಾಯಿದೋಣಿ ಗೊತ್ತಿಲ್ಲ. ಆದರೆ ನಮ್ಮದು ಹೆಂಚಿನ ಮನೆ. ಪ್ರತಿ ಮಳೆಗಾಲಕ್ಕೆ ಮೊದಲು ಏಣಿ ಹಾಕಿ ಮಾಡು ಹತ್ತುವವರು ಅವರೇ. "ತಮಾ, ನೀರು ಬಿದ್ದಲ್ಲೇ ಹೆಂಚು ಒಡೆದಿರ್ತದಾ? ಮೇಲೆಲ್ಲೋ ಒಡೆದಿರ್ತದೆ. ನೀರು ರೀಪು ಹಿಡ್ಕಂಡು ಬಂದು ಇನ್ನೆಲ್ಲೋ ಬೀಳ್ತದೆ" ಅಂದರು.

ದೋಣಿಯಲ್ಲೂ ಹಾಗೇ. ಒಳಗೆ ಕಪಾಟು, ಮಂಚ, ಒಳಪದರದ ಫೈಬರ್ ಎಲ್ಲ ಇರುತ್ತದೆ. ಮುಂದಿನ ಮೂಲೆಯಲ್ಲಿ ಒಳಬಂದ ನೀರು ಇವುಗಳ ಹಿಂದೆ ಹರಿದು, ತೀರ ತಗ್ಗಾದ ಗುಂಡಿಗೆ ಬಂದು ನಿಲ್ಲುತ್ತದೆ. ಆ ಗುಂಡಿಗೆ ಬಿಲ್ಜ್ ಅನ್ನುತ್ತಾರೆ. ಎಲ್ಲ ಸೋರಿಕೆಗಳೂ ಅಲ್ಲಿ ಒಂದಾಗುತ್ತವೆ. ಹಳೆಯ ದೋಣಿಯಲ್ಲಿ ಸೋರಿಕೆ ಒಂದೇ ಇರುವುದೂ ಅಪರೂಪ.

ನೀರು ಜೋರಾಗಿ ಏರುತ್ತಿದ್ದರೆ

ಆಗ ಪತ್ತೇದಾರಿಕೆ ಬೇಡ. ದೋಣಿಯ ಒಡಲಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಇರುವ, ಸಿಂಕು, ಟಾಯ್ಲೆಟ್, ಎಂಜಿನ್ನಿನ ಪೈಪುಗಳ ವಾಲ್ವುಗಳನ್ನೆಲ್ಲ ಮೊದಲು ಮುಚ್ಚಿ. ಎಂಜಿನ್ ಓಡುತ್ತಿದ್ದರೆ ಅದರ ವಾಲ್ವ್ ಮುಚ್ಚುವ ಮೊದಲು ಎಂಜಿನ್ ನಿಲ್ಲಿಸಿ. ಅರ್ಧ ಮೀಟರ್ ಆಳದಲ್ಲಿ 25 ಮಿಲಿಮೀಟರ್ ತೂತು ಆದರೆ ನಿಮಿಷಕ್ಕೆ 50 ಲೀಟರ್‌ಗೂ ಜಾಸ್ತಿ ನೀರು ನುಗ್ಗುತ್ತದೆ. ಸಣ್ಣ ದೋಣಿಯಲ್ಲಿರುವ ಸಾಮಾನ್ಯ ಎಲೆಕ್ಟ್ರಿಕ್ ಪಂಪಿಗೆ ಅದರ ಅರ್ಧ ತೆಗೆಯುವುದೂ ಕಷ್ಟ. ಪ್ರತಿ ವಾಲ್ವಿನ ಪಕ್ಕದಲ್ಲಿ ಅದರ ಅಳತೆಯ ಮೆದು ಮರದ ಬಿರಡೆಯನ್ನು ದಾರದಲ್ಲಿ ಕಟ್ಟಿಡಿ. ಬೇಕಾದಾಗ ಡಬ್ಬಿಯಲ್ಲಿ ಹುಡುಕುವಂತೆ ಇರಬಾರದು.

ಮುಂದೆ ಬರೆಯುವುದೆಲ್ಲ ನಿಧಾನದ ಸೋರಿಕೆಗೆ.

ಮೊದಲು ತೊಳೆದು ಒಣಗಿಸಿ

ಆಟೋಮ್ಯಾಟಿಕ್ ಪಂಪು ಸೋರಿಕೆಯನ್ನು ಮುಚ್ಚಿಡುತ್ತದೆ. ನೀವು ವಾರಕ್ಕೊಮ್ಮೆ ದೋಣಿಗೆ ಹೋದಾಗ ತಳ ಒಣಗಿಯೇ ಕಾಣುತ್ತದೆ. ನಡುವೆ ಅದು ಎಷ್ಟು ಸಲ ಓಡಿತು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಹುಡುಕುವಷ್ಟು ದಿನ ಸ್ವಿಚ್ಚನ್ನು ಕೈಯಿಂದ ಹಾಕುವ ಕಡೆ ಇಡಿ. ದಿನಾ ಹೋಗಿ ನೋಡುವುದು ಸಾಧ್ಯವಿದ್ದರೆ ಮಾತ್ರ ಹೀಗೆ ಮಾಡಿ. ಇಲ್ಲದಿದ್ದರೆ ಪಂಪು ಎಷ್ಟು ಸಲ ಓಡಿತು ಅಂತ ಎಣಿಸುವ ಸಣ್ಣ ಕೌಂಟರ್ ಹಾಕಿಸಿಕೊಳ್ಳಿ.

ಆಮೇಲೆ ತಳವನ್ನು ಸೋಪು ಹಾಕಿ ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಎಣ್ಣೆ ಬೆರೆತ ನೀರನ್ನು ನದಿಗೆ ಬಿಡಬೇಡಿ, ಕ್ಯಾನಿಗೆ ತುಂಬಿ ದಡಕ್ಕೆ ಒಯ್ಯಿರಿ. ಬಟ್ಟೆಯಲ್ಲಿ ಒರೆಸಿ, ಒಂದು ದಿನ ಗಾಳಿಗೆ ಬಿಡಿ. ಈ ತೊಳೆಯುವ ಕೆಲಸವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಐವತ್ತು ವರ್ಷದ ದೋಣಿಯ ತಳದಲ್ಲಿ ಉಪ್ಪು ಪದರಪದರವಾಗಿ ಕೂತಿರುತ್ತದೆ. ಮೇಲಿಂದ ಬಿದ್ದ ಮಳೆನೀರೂ ಆ ಉಪ್ಪು ಕರಗಿಸಿಕೊಂಡು ಸಮುದ್ರದ ನೀರಿನ ಹಾಗೆ ಆಗಿಬಿಡುತ್ತದೆ. ಆಗ ಡೆಕ್ಕಿನ ಸೋರಿಕೆ ಹುಡುಕಬೇಕಾದವರು ಒಡಲಿನ ಕೆಳಗೆ ಹುಡುಕುತ್ತಾ ಕೂರುತ್ತಾರೆ. ನನಗೆ ಮೊದಲ ವರ್ಷ ಆಗಿದ್ದು ಅದೇ.

ಯಾವ ನೀರು?

ನಾಲಿಗೆಗೆ ಹಚ್ಚಿ ನೋಡಿ ಅಂತ ಹಳಬರು ಹೇಳುತ್ತಾರೆ. ಮೇಲಿಂದ ತೊಟ್ಟಿಕ್ಕುವ ಹನಿಯನ್ನಾದರೆ ನೋಡಬಹುದು. ತಳದ ನೀರಿನಲ್ಲಿ ಡೀಸೆಲ್, ಗ್ರೀಸ್, ಎಂಜಿನ್ನಿನ ಕೂಲಂಟ್ ಎಲ್ಲ ಇರುತ್ತದೆ. ಬಾಯಿಗೆ ಹಾಕಬೇಡಿ.

ನಾನು ಬಳಸಿದ್ದು ಟಿಡಿಎಸ್ ಮೀಟರ್. ಊರಿನಲ್ಲಿ ಆರ್‌ಒ ಫಿಲ್ಟರ್ ಹಾಕುವವರು ಲೋಟಕ್ಕೆ ಅದ್ದಿ ನೋಡುತ್ತಾರಲ್ಲ, ಅದೇ ಪೆನ್ನಿನಂಥದ್ದು. ನೀರಿನಲ್ಲಿ ಕರಗಿದ ಉಪ್ಪು ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ತೋರಿಸುತ್ತದೆ. ಮಳೆನೀರಿಗೆ ಅದು 50ಕ್ಕಿಂತ ಕಡಿಮೆ ತೋರಿಸುತ್ತದೆ. ನಮ್ಮ ಹ್ಯಾಂಪ್‌ಷೈರ್ ಕಡೆ ಕೆಳಗೆಲ್ಲ ಸುಣ್ಣಕಲ್ಲು, ನಲ್ಲಿನೀರು ಗಡಸು. ಅದಕ್ಕೆ ನನ್ನ ದೋಣಿಯ ಟ್ಯಾಂಕಿನ ನೀರು 300ರ ಮೇಲೆ ಬರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಂದರೆ 35,000. ಅಗ್ಗದ ಮೀಟರಿಗೆ ಅಷ್ಟು ಎಣಿಸಲು ಬರುವುದಿಲ್ಲ, ತಪ್ಪು ಅಂತ ತೋರಿಸುತ್ತದೆ. ಅದೇ ಉತ್ತರ. ಒಂದೇ ಸಣ್ಣ ಸಾಧನ ಮಳೆ, ಟ್ಯಾಂಕು, ಸಮುದ್ರ ಮೂರನ್ನೂ ಬೇರೆ ಮಾಡಿಕೊಡುತ್ತದೆ.

ನಿಮ್ಮ ದೋಣಿ ಅಳಿವೆಯಲ್ಲಿ ಇದ್ದರೆ ಒಂದು ಎಚ್ಚರಿಕೆ. ಊರ ಕಡೆಯ ಅಳಿವೆಗಳಲ್ಲಿ ಬೇಸಿಗೆಯಲ್ಲಿ ನೀರು ಉಪ್ಪು, ಮಳೆಗಾಲದಲ್ಲಿ ಸಿಹಿ ಅಲ್ವಾ? ಹ್ಯಾಂಬಲ್ ನದಿಯೂ ಅಷ್ಟಿಷ್ಟು ಹಾಗೆಯೇ. ಜೋರು ಮಳೆ ಬಂದ ಮೇಲೆ ಇಳಿತದ ಹೊತ್ತಿಗೆ ದೋಣಿಯ ಸುತ್ತಲಿನ ನೀರೂ ಸಪ್ಪೆಯಾಗಿರಬಹುದು. ಒಳಗಿನ ನೀರು ಅಳೆಯುವ ದಿನವೇ ಹೊರಗಿನದನ್ನೂ ಅಳೆಯಿರಿ.

ಟ್ಯಾಂಕಿನ ಮೇಲೆ ಅನುಮಾನ ಇದ್ದರೆ ಕೇಸರಿಬಾತಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ಟ್ಯಾಂಕಿಗೆ ಹಾಕಿ. ಎರಡು ದಿನದಲ್ಲಿ ತಳಕ್ಕೆ ಬಣ್ಣ ಇಳಿದರೆ ಕೆಲಸ ಮುಗಿಯಿತು. ನೀರು ಹಸಿರೋ ಗುಲಾಬಿಯೋ ಇದ್ದು ಜಾರುಜಾರಾಗಿದ್ದರೆ ಅದು ಎಂಜಿನ್ನಿನ ಕೂಲಂಟ್.

ಯಾವಾಗ ಬರುತ್ತದೆ?

ಒಂದು ನೋಟ್‌ಬುಕ್ ಇಡಿ. ತಾರೀಖು, ಎಷ್ಟು ನೀರು, ಉಪ್ಪೋ ಸಿಹಿಯೋ, ಮಳೆ ಬಂತೋ, ಎಂಜಿನ್ ಎಷ್ಟು ಹೊತ್ತು ಓಡಿತು, ಹಾಯಿ ಎತ್ತಿದ್ದರೆ ದೋಣಿ ಯಾವ ಕಡೆ ವಾಲಿತ್ತು. ಕೊನೆಯದನ್ನು ಮರೆಯಬೇಡಿ. ನೀರನ್ನು "ಸ್ವಲ್ಪ", "ಜಾಸ್ತಿ" ಅಂತ ಬರೆಯಬೇಡಿ, ಅಳತೆಯ ಜಗ್ಗಿನಲ್ಲಿ ಅಳೆದು ಬರೆಯಿರಿ.

ನನ್ನ ಪುಸ್ತಕದ ಒಂದು ತಿಂಗಳು ಹೀಗಿತ್ತು. ಮಳೆ ಇಲ್ಲದ ವಾರ, ದೋಣಿ ಕಟ್ಟಿದ ಜಾಗದಲ್ಲೇ: ದಿನಕ್ಕೆ 400 ಮಿಲಿಲೀಟರ್, ಉಪ್ಪು. ಮಳೆಯ ವಾರ: ಅದರ ಜೊತೆಗೆ ಒಟ್ಟು ಮೂರು ಲೀಟರ್ ಸಿಹಿನೀರು. ಬಲಕ್ಕೆ ವಾಲಿ ಆರು ಗಂಟೆ ಓಟ: ಅರ್ಧ ಲೀಟರ್. ಎಡಕ್ಕೆ ವಾಲಿ ಎರಡೇ ಗಂಟೆ ಓಟ: 11 ಲೀಟರ್, ಉಪ್ಪು.

ನಾಲ್ಕು ಸಾಲು ಬರೆದ ಮೇಲೆ ಶೆರ್ಬೂರ್ ಪ್ರಯಾಣ ನೆನಪಾಯಿತು. ಹೋಗುವಾಗ ದಕ್ಷಿಣಕ್ಕೆ ಮುಖ, ಪಶ್ಚಿಮದ ಗಾಳಿ, ಅಂದರೆ ಗಾಳಿ ಬಲಗಡೆಯಿಂದ. ದೋಣಿ ಇಡೀ ದಿನ ಎಡಕ್ಕೆ ವಾಲಿತ್ತು. ವಾಪಸ್ ಬರುವಾಗಲೂ ಅದೇ ಪಶ್ಚಿಮದ ಗಾಳಿ, ಆದರೆ ದೋಣಿ ವಾಲಿದ್ದು ಬಲಕ್ಕೆ. ಆ ದಿನ ತಳದಲ್ಲಿ ಒಂದು ಲೋಟ ನೀರೂ ಇರಲಿಲ್ಲ. ಆಗ ಅದನ್ನು ನೋಡಿ ಸಮಾಧಾನ ಪಟ್ಟಿದ್ದೆ. ಉತ್ತರ ಅಲ್ಲೇ ಇತ್ತು.

ನಿಂತಾಗಲೂ ಉಪ್ಪುನೀರು ಬಂದರೆ

ಮೊದಲು ನೋಡಬೇಕಾದ್ದು ಎಂಜಿನ್ನಿನ ಶಾಫ್ಟು ಒಡಲಿನಿಂದ ಹೊರಗೆ ಹೋಗುವ ಜಾಗ. ತೋಟದ ಹಳೆ ಪಂಪ್‌ಸೆಟ್ಟಿನಲ್ಲಿ ಗ್ಲ್ಯಾಂಡ್ ರೋಪ್ ಸುತ್ತಿ ನಟ್ಟು ಬಿಗಿ ಮಾಡುತ್ತಾರಲ್ಲ, ಹಳೆ ದೋಣಿಗಳಲ್ಲೂ ಅದೇ ವ್ಯವಸ್ಥೆ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬೀಳಲೇಬೇಕು. ಆ ನೀರೇ ಅದನ್ನು ತಣ್ಣಗಿಡುತ್ತದೆ. ನಿಂತಾಗ ಬೀಳಬಾರದು, ಅಥವಾ ತೀರ ಕಡಿಮೆ ಇರಬೇಕು. ಹತ್ತು ಸೆಕೆಂಡಿಗೆ ಒಂದು ಹನಿ ನೋಡಲು ಏನೂ ಅಲ್ಲ ಅನಿಸುತ್ತದೆ. ಲೆಕ್ಕ ಹಾಕಿ: ದಿನಕ್ಕೆ 8,640 ಹನಿ, 20 ಹನಿಗೆ ಒಂದು ಮಿಲಿಲೀಟರ್ ಹಿಡಿದರೆ 430 ಮಿಲಿಲೀಟರ್. ನನ್ನ ಪುಸ್ತಕದ ಮೊದಲ ಸಾಲು ಇದೇ. ಗ್ಲ್ಯಾಂಡ್ ರೋಪ್ ಹೊಸದು ಹಾಕಿದ ಮೇಲೆ ನಿಂತುಹೋಯಿತು.

ಬಿಗಿ ಮಾಡುವಾಗ ಸ್ಪ್ಯಾನರನ್ನು ಒಂದೇ ಸಲ ಪೂರ್ತಿ ಸುತ್ತು ತಿರುಗಿಸಬೇಡಿ. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಗೇರ್ ಹಾಕಿ ಹತ್ತು ನಿಮಿಷ ಓಡಿಸಿ, ಎಂಜಿನ್ ನಿಲ್ಲಿಸಿ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಬಿಗಿ ಜಾಸ್ತಿ ಆಯಿತು. ಶಾಫ್ಟಿಗೆ ಗೀರು ಬಿದ್ದರೆ ಆಮೇಲೆ ಯಾವ ರೋಪ್ ಹಾಕಿದರೂ ಸೋರುತ್ತದೆ. ಗ್ಲ್ಯಾಂಡಿನ ಹಿಂದಿನ ರಬ್ಬರ್ ಪೈಪನ್ನೂ ಬೆರಳಿನಿಂದ ಅದುಮಿ ನೋಡಿ. ಅದು ಬಿರುಕು ಬಿಟ್ಟರೆ ಹನಿಯಲ್ಲ, ಹೊಳೆಯೇ ಬರುತ್ತದೆ.

ಇನ್ನು ವಾಲ್ವುಗಳು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಹಿತ್ತಾಳೆಯಲ್ಲಿ ತಾಮ್ರ, ಸತು ಎರಡೂ ಇರುತ್ತವೆ. ಉಪ್ಪುನೀರಿನಲ್ಲಿ ಸತು ಮೆಲ್ಲಗೆ ಕರಗಿಹೋಗುತ್ತದೆ. ಆಕಾರ ಹಾಗೇ ಉಳಿಯುತ್ತದೆ. ಒಳಗೆ ಮಾತ್ರ ರಸ್ಕಿನ ಹಾಗೆ ತೂತುತೂತಾದ ತಾಮ್ರ. ನೋಡಲು ಗಟ್ಟಿ, ಮುಟ್ಟಿದರೆ ಪುಡಿ. ಚಾಕುವಿನ ತುದಿಯಿಂದ ಗೀರಿ ನೋಡಿ. ಹಳದಿ ಹೊಳಪು ಬಂದರೆ ಆ ಜಾಗ ಚೆನ್ನಾಗಿದೆ. ಗುಲಾಬಿ ಬಣ್ಣ ಬಂದರೆ ಬದಲಿಸಿ. ದೋಣಿಯ ವಾಲ್ವುಗಳಿಗಾಗಿ 1994ರಲ್ಲಿ ಬಂದ ಐಎಸ್‌ಒ 9093 ಮಾನದಂಡದಲ್ಲಿ "ತುಕ್ಕು ತಡೆಯುವ" ಲೋಹ ಅಂದರೆ ಐದು ವರ್ಷ ಕೆಡದೆ ಇದ್ದರೆ ಸಾಕು ಅಂತ ಅರ್ಥ ಇತ್ತು. ನಾವು ಹೋಗಬೇಕಾದ್ದು ಐವತ್ತು ವರ್ಷದ ದೋಣಿಯಲ್ಲಿ.

ದೋಣಿಯನ್ನು ದಡಕ್ಕೆ ಎತ್ತಿಸಿದಾಗ ಒಂದೊಂದೇ ವಾಲ್ವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬಂದೆ. ಕಂಚಿನವು ಟಣ್ ಅಂದವು. ಅಡುಗೆ ಸಿಂಕಿನ ಕೆಳಗಿನದು ಮಾತ್ರ ಮರ ತಟ್ಟಿದ ಹಾಗೆ ಸದ್ದು ಮಾಡಿತು. ಪೈಪು ಸಿಕ್ಕಿಸುವ ತುದಿಯನ್ನು ಇಕ್ಕಳದಲ್ಲಿ ಹಿಡಿದೆ. ತಿರುಗಿಸಲಿಲ್ಲ, ಸುಮ್ನೆ ಹಿಡಿದೆ ಅಷ್ಟೇ. ಬಿಸ್ಕತ್ತು ಮುರಿದ ಹಾಗೆ ಕೈಗೆ ಬಂತು. ಮುರಿದ ಅಂಚು ಪೂರ್ತಿ ಗುಲಾಬಿ. ಗೋಡೆಯ ದಪ್ಪದಲ್ಲಿ ಕೂದಲೆಳೆಯಷ್ಟು ಹಳದಿ ಮಾತ್ರ ಉಳಿದಿತ್ತು. ಅದು ಒಂದು ಹನಿಯೂ ಸೋರುತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲ. ಈ ಸೋರಿಕೆ ಹುಡುಕದೆ ಇದ್ದಿದ್ದರೆ ಅದನ್ನು ತಟ್ಟಿ ನೋಡುತ್ತಲೂ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಶೆರ್ಬೂರ್‌ಗೆ ಹೋದಾಗ ಮನೆಯವರೆಲ್ಲ ದೋಣಿಯಲ್ಲಿದ್ದರು.

ಹೊಸದು ಹಾಕುವಾಗ ಕಂಚಿನದು ಅಥವಾ ಸತು ಕರಗದ ಡಿಜೆಡ್‌ಆರ್ ಹಿತ್ತಾಳೆಯದು ಹಾಕಿ. ಡಿಜೆಡ್‌ಆರ್‌ನಲ್ಲಿ ಸಾಮಾನ್ಯವಾಗಿ ಸಿ-ಆರ್ ಅಂತ ಅಚ್ಚು ಇರುತ್ತದೆ. ವಾಲ್ವ್ ಒಂದನ್ನೇ ಬದಲಿಸಿ ಪೈಪಿನ ತುದಿ ಹಳೆಯದೇ ಬಿಟ್ಟರೆ ಪ್ರಯೋಜನ ಇಲ್ಲ.

ಎಂಜಿನ್ ಓಡಿದಾಗ ಮಾತ್ರ ಬಂದರೆ

ಇದು ಸುಲಭ. ಎಂಜಿನ್ ಕೆಳಗೆ ಬಿಳಿ ಕಾಗದ ಹಾಸಿ ಅರ್ಧ ಗಂಟೆ ಓಡಿಸಿ. ಸಮುದ್ರದ ನೀರು ಎಳೆಯುವ ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಸೀಲು ಹೋದರೆ ಅಲ್ಲಿಂದ ತೊಟ್ಟಿಕ್ಕುತ್ತದೆ. ಅದನ್ನು ಮುಚ್ಚಬೇಡಿ, ಸೀಲು ಬದಲಿಸಿ. ಮುಚ್ಚಿದರೆ ನೀರು ಎಂಜಿನ್ನಿನ ಆಯಿಲ್ ಸೇರಬಹುದು. ಹೊಗೆ ಮತ್ತು ನೀರು ಸೇರುವ ಎರಕದ ಬಾಗು, ಸೈಲೆನ್ಸರ್, ಅದರ ಕ್ಲಿಪ್ಪುಗಳು, ಇಷ್ಟನ್ನು ಟಾರ್ಚ್ ಹಿಡಿದು ನೋಡಿದರೆ ಸಾಕು. ಬಿಳಿ ಉಪ್ಪಿನ ಗೆರೆ ಕಂಡರೆ ಅದರ ಮೇಲ್ತುದಿಯೇ ಸೋರುವ ಜಾಗ.

ವಾಲಿದಾಗ ಮಾತ್ರ ಬಂದರೆ

ನನ್ನ 38 ಲೀಟರ್ ಇಲ್ಲಿತ್ತು. ಇದು ಕಷ್ಟದ ಜಾತಿ, ಯಾಕೆಂದರೆ ದೋಣಿ ನೆಟ್ಟಗೆ ನಿಂತಾಗ ಏನೂ ಕಾಣುವುದಿಲ್ಲ. ಒಡಲು ಮತ್ತು ಡೆಕ್ಕು ಸೇರುವ ಸಂದು, ಲಂಗರಿನ ಸರಪಳಿ ಇಡುವ ಗೂಡು, ಚುಕ್ಕಾಣಿಯ ಕೊಳವೆ, ಇವೆಲ್ಲ ಅನುಮಾನದ ಜಾಗಗಳೇ. ಅವುಗಳ ಸುತ್ತ ಒಣಗಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿ ಹಾಯಿ ಎತ್ತಿ ಹೊರಟೆ. ಪೌಡರಿನಲ್ಲಿ ನೀರು ಹರಿದರೆ ಹುಳ ಹರಿದ ಹಾಗೆ ಗೆರೆ ಬೀಳುತ್ತದೆ. ಎರಡು ಗಂಟೆ ಎಡಕ್ಕೆ ವಾಲಿ ಓಡಿ ವಾಪಸ್ ಬಂದೆ. ಎಲ್ಲಿಯೂ ಗೆರೆ ಇಲ್ಲ. ತಳದಲ್ಲಿ ಮಾತ್ರ ಆ 11 ಲೀಟರ್.

ಯಾವ ದಾರಿಯಲ್ಲೂ ಬರದೆ ತಳಕ್ಕೆ ನೀರು ಬಂದಿದೆ ಅಂದರೆ, ತಳಕ್ಕೆ ನೇರವಾಗಿ ಬರುವ ದಾರಿ ಒಂದೇ. ಪಂಪಿನ ಪೈಪು.

ಹಿಂದಿನ ಮಾಲೀಕರು ಯಾರೋ ಹಾಕಿಸಿದ್ದ ಎಲೆಕ್ಟ್ರಿಕ್ ಪಂಪು ಅದು. ಪೈಪು ತಳದಿಂದ ಎಡಗಡೆಯ ಗೋಡೆಗೆ ಹೋಗಿ, ಅಲ್ಲಿ ಮೇಲೇರಿ, ಬಾಗಿ, ನೀರಿನ ಮಟ್ಟಕ್ಕಿಂತ 20 ಸೆಂಟಿಮೀಟರ್ ಎತ್ತರದ ತೂತಿನಿಂದ ಹೊರಗೆ ಹೋಗುತ್ತಿತ್ತು. ಬಾಗು ಇದ್ದದ್ದು 30 ಸೆಂಟಿಮೀಟರ್ ಎತ್ತರದಲ್ಲಿ. ದೋಣಿ ಕಟ್ಟೆಯ ಪಕ್ಕ ನಿಂತಾಗ ನೋಡಿದರೆ ಎಲ್ಲ ಸರಿಯಾಗೇ ಇದೆ. ಆದರೆ ಆ ಗೋಡೆ ದೋಣಿಯ ನಡುಗೆರೆಯಿಂದ 1.2 ಮೀಟರ್ ದೂರ. ದೋಣಿ 20 ಡಿಗ್ರಿ ವಾಲಿದರೆ ಅಲ್ಲಿರುವ ವಸ್ತು ಸುಮಾರು 40 ಸೆಂಟಿಮೀಟರ್ ಕೆಳಗಿಳಿಯುತ್ತದೆ. ತೂತೂ ನೀರೊಳಗೆ, ಬಾಗೂ ನೀರಿನ ಮಟ್ಟದ ಕೆಳಗೆ. ಅಷ್ಟು ವಾಲಬೇಕು ಅಂತಲೂ ಇಲ್ಲ. 10 ಡಿಗ್ರಿಗೇ ತೂತು ಮುಳುಗುತ್ತದೆ. ಆಗ ಪಂಪು ಒಮ್ಮೆ ಓಡಿ ಪೈಪು ತುಂಬಿಸಿದರೆ ಸಾಕು. ಬೈಕಿನ ಟ್ಯಾಂಕಿಗೆ ಪೈಪು ಇಳಿಸಿ ಪೆಟ್ರೋಲ್ ಎಳೆದ ಹಾಗೆ, ಪಂಪು ನಿಂತ ಕೂಡಲೇ ಸಮುದ್ರದ ನೀರು ಹಿಂದಕ್ಕೆ ಹರಿಯುತ್ತದೆ. ಇಂಥ ಪಂಪಿನೊಳಗೆ ಅದನ್ನು ತಡೆಯುವುದು ಏನೂ ಇಲ್ಲ. ನೀರು ಏರುತ್ತದೆ, ಸ್ವಿಚ್ ಎದ್ದು ಪಂಪು ಮತ್ತೆ ಓಡುತ್ತದೆ, ನಿಲ್ಲುತ್ತದೆ, ನೀರು ಮತ್ತೆ ಬರುತ್ತದೆ. ಬ್ಯಾಟರಿ ಮುಗಿಯುವವರೆಗೆ ಇದೇ.

ಊಹೆ ಸಾಲದು, ಕಣ್ಣಲ್ಲಿ ನೋಡಬೇಕಿತ್ತು. ಒಂದು ಮೀಟರ್ ಪೈಪು ಕತ್ತರಿಸಿ ಅಲ್ಲಿ ಪಾರದರ್ಶಕ ಪೈಪು ಸೇರಿಸಿದೆ. ಹಾಯಿಯ ಕೆಳಗಿನ ಅಡ್ಡತೊಲೆಯನ್ನು ಎಡಕ್ಕೆ ಪೂರ್ತಿ ಚಾಚಿ ತುದಿಗೆ ನೀರಿನ ಕ್ಯಾನ್ ಕಟ್ಟಿದೆ. ಮೂವರು ಗೆಳೆಯರನ್ನು ಎಡ ಅಂಚಿನಲ್ಲಿ ನಿಲ್ಲಿಸಿದೆ. ಹೊರಗಿನ ತೂತು ನೀರಿನೊಳಗೆ ಮುಳುಗಿತು. ತಳಕ್ಕೆ ಒಂದು ಬಕೆಟ್ ಸಿಹಿನೀರು, ಅದಕ್ಕೆ ಕೇಸರಿ ಬಣ್ಣ. ಪಂಪು ಹಾಕಿದೆ. ಕೇಸರಿ ನೀರು ಪೈಪಿನಲ್ಲಿ ಓಡಿತು. ನಿಲ್ಲಿಸಿದೆ. ಒಂದು ಕ್ಷಣ ಎಲ್ಲ ನಿಂತಿತು. ಆಮೇಲೆ ಕಡಲೆಕಾಳಿನಷ್ಟು ಒಂದು ಗಾಳಿಗುಳ್ಳೆ ಹಿಂದಕ್ಕೆ ಸರಿಯಿತು. ಮೊದಲು ನಿಧಾನ, ಆಮೇಲೆ ಸರಸರ. ಅದರ ಹಿಂದೆ ಕೇಸರಿ ಬಣ್ಣ ತೆಳುವಾಗುತ್ತಾ ಬಂತು, ಕೊನೆಗೆ ತಿಳಿ ನೀರು. ನದಿ ದೋಣಿಯೊಳಗೆ ಬರುತ್ತಿತ್ತು.

ಪರಿಹಾರ ಹೀಗೆ. ಪೈಪನ್ನು ದೋಣಿಯ ನಡುಗೆರೆಯ ಹತ್ತಿರ ಆದಷ್ಟು ಎತ್ತರಕ್ಕೆ ಒಯ್ದು ಬಾಗಿಸಿದೆ, ಯಾಕೆಂದರೆ ನಡುವಿನ ಜಾಗ ಯಾವ ಕಡೆ ವಾಲಿದರೂ ಹೆಚ್ಚು ಇಳಿಯುವುದಿಲ್ಲ. ಬಾಗಿನ ತುದಿಗೆ ಗಾಳಿ ಎಳೆದುಕೊಳ್ಳುವ ಸಣ್ಣ ನಳಿಕೆ ಹಾಕಿದೆ. ಗಾಳಿ ಹೊಕ್ಕರೆ ಸೈಫನ್, ಅಂದರೆ ಹಿಂದಕ್ಕೆ ಎಳೆಯುವ ಆ ಹರಿವು, ತುಂಡಾಗುತ್ತದೆ. ಪಂಪು ಓಡುವಾಗ ಆ ನಳಿಕೆಯಿಂದ ಸ್ವಲ್ಪ ನೀರು ಚಿಮ್ಮುತ್ತದೆ, ಅದಕ್ಕೆ ನಳಿಕೆಯ ತುದಿಯನ್ನು ಹೊರಗಿನ ಕಾಕ್‌ಪಿಟ್ಟಿಗೆ (ದೋಣಿ ನಡೆಸುವವರು ಕೂರುವ ಜಾಗ) ಬಿಟ್ಟೆ. ಹೊರಹೋಗುವ ತೂತನ್ನು ಹಿಂಬದಿಯ ಹಲಗೆಗೆ, ಎತ್ತರಕ್ಕೆ ಸರಿಸಿದೆ. ಎಡಗಡೆಯ ಹಳೆ ತೂತನ್ನು ಇಳಿಜಾರಾಗಿ ಉಜ್ಜಿ ಎಪಾಕ್ಸಿ ಮತ್ತು ಗ್ಲಾಸ್ ಬಟ್ಟೆಯಿಂದ ಮುಚ್ಚಿದೆ.

ನಡುವೆ ಒಂದು ನಾನ್-ರಿಟರ್ನ್ ವಾಲ್ವ್ ಹಾಕಿದರೆ ಸಾಲದಾ ಅಂತ ಹಲವರು ಕೇಳಿದರು. ಸಾಲದು. ಒಂದು ಕೂದಲು, ಒಂದು ಮರದ ಚಕ್ಕೆ ಸಿಕ್ಕಿಕೊಂಡರೆ ಅದು ತೆರೆದೇ ಇರುತ್ತದೆ. ಟಾಯ್ಲೆಟ್ಟಿನ ಪೈಪುಗಳಿಗೂ ಇದೇ ಲೆಕ್ಕ. ಹಳೆ ದೋಣಿಯಲ್ಲಿ ಟಾಯ್ಲೆಟ್ ನೀರಿನ ಮಟ್ಟಕ್ಕಿಂತ ಕೆಳಗೆ ಇದ್ದು, ಬಾಗು ಎತ್ತರಕ್ಕೆ ಇಲ್ಲದಿದ್ದರೆ ಅದು ತುಂಬಿ ಹರಿದು ದೋಣಿಯನ್ನೇ ಮುಳುಗಿಸಬಹುದು. ಬಳಸಿದ ಮೇಲೆ ವಾಲ್ವ್ ಮುಚ್ಚುವುದನ್ನು ಮಕ್ಕಳಿಗೂ ಅಭ್ಯಾಸ ಮಾಡಿಸಿ.

ಮಳೆನೀರು ಬಂದರೆ

ಅಪ್ಪ ಮಟಮಟ ಮಧ್ಯಾಹ್ನ ಅಟ್ಟ ಹತ್ತಿ, ಕತ್ತಲಲ್ಲಿ ಕೂತು, ಬೆಳಕು ತೂರುವ ಜಾಗಕ್ಕೆ ಸುಣ್ಣದ ಗುರುತು ಹಾಕುತ್ತಿದ್ದರು. ಡೆಕ್ಕಿನಲ್ಲಿ ಬೆಳಕು ತೂರುವುದಿಲ್ಲ. ಗಾಳಿ ತೂರುತ್ತದೆ. ಕಿಟಕಿ, ಗಾಳಿಗಿಂಡಿ ಎಲ್ಲಕ್ಕೂ ಟೇಪು ಹಚ್ಚಿ, ಬಾಗಿಲಿಗೆ ರಟ್ಟು ಕಟ್ಟಿ, ಎಲೆ ಗುಡಿಸುವ ಬ್ಲೋವರ್‌ನಿಂದ ಒಳಗೆ ಗಾಳಿ ತುಂಬಿಸಿ. ಹೊರಗೆ ಡೆಕ್ಕಿನ ಮೇಲೆ ಸೋಪಿನ ನೀರು ಹಚ್ಚಿ. ಗುಳ್ಳೆ ಏಳುವ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಬ್ಲೋವರ್ ಸಿಗದಿದ್ದರೆ ನೀರಿನ ಪೈಪೇ ಸಾಕು, ಆದರೆ ಕೆಳಗಿನಿಂದ ಮೇಲಕ್ಕೆ ಹೋಗಿ. ಒಂದು ಜಾಗಕ್ಕೆ ಹತ್ತು ನಿಮಿಷ ನೀರು ಬಿಟ್ಟು, ಒಳಗೆ ಒಬ್ಬರನ್ನು ಕೂರಿಸಿ ನೋಡಿ. ಮೇಲಿನಿಂದ ಶುರು ಮಾಡಿದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ನನ್ನ ಗುಳ್ಳೆ ಎದ್ದಿದ್ದು ಬಲಗಡೆಯ ಚೈನ್‌ಪ್ಲೇಟ್ ಬುಡದಲ್ಲಿ. ಹಾಯಿಕಂಬವನ್ನು ಪಕ್ಕದಿಂದ ಎಳೆದು ಹಿಡಿಯುವ ಉಕ್ಕಿನ ತಂತಿ ಈ ಸ್ಟೀಲ್ ಪಟ್ಟಿಗೆ ಕಟ್ಟಿರುತ್ತದೆ. ಪಟ್ಟಿ ಡೆಕ್ಕನ್ನು ತೂರಿ ಒಳಗೆ ಬರುತ್ತದೆ. ಕಂಬ ಎಳೆದಂತೆಲ್ಲ ಪಟ್ಟಿ ಕೂದಲೆಳೆಯಷ್ಟು ಅಲುಗುತ್ತದೆ, ಅಂಟು ಬಿಡುತ್ತದೆ. ಇಲ್ಲಿ ನೀರು ಬರುವುದಕ್ಕಿಂತ ಅದು ದಾರಿಯಲ್ಲಿ ಮಾಡುವ ಹಾನಿ ದೊಡ್ಡದು. ಹಳೆ ಫೈಬರ್ ದೋಣಿಗಳ ಡೆಕ್ಕು ಹೆಚ್ಚಾಗಿ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಇಟ್ಟ ಸ್ಯಾಂಡ್‌ವಿಚ್. ಮರ ಒದ್ದೆಯಾದರೆ ಕೊಳೆಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಬನ್ನಿ. ಮಾಗಿದ ಹಲಸಿನಕಾಯಿ ತಟ್ಟಿದ ಹಾಗೆ ಡಬ್ ಅಂದರೆ ಒಳಗೆ ಮೆತ್ತಗಾಗಿದೆ. ನನ್ನದು ಅಂಗೈ ಅಗಲ ಕೊಳೆತಿತ್ತು. ಕೆರೆದು ತೆಗೆದು, ಒಣಗಿಸಿ, ಗಟ್ಟಿ ಕಲಸಿದ ಎಪಾಕ್ಸಿ ತುಂಬಿ, ಅದರೊಳಗೆ ಹೊಸ ಸಂದು ಕೊರೆದೆ. ಈಗ ಸೋರಿದರೂ ನೀರು ಮರ ಮುಟ್ಟುವುದಿಲ್ಲ.

ಪಟ್ಟಿಯನ್ನು ಪೂರ್ತಿ ಹೊರಗೆಳೆದು ನೋಡಲೇಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ಗಾಳಿ ತಾಗುತ್ತಿದ್ದರೆ ಬಾಳಿಕೆ. ಗಾಳಿಯಾಡದ ಒದ್ದೆ ಸಂದಿಯಲ್ಲಿ ಅದೂ ಕೊರೆದುಹೋಗುತ್ತದೆ. ನನ್ನ ಪಟ್ಟಿಯಲ್ಲಿ ಡೆಕ್ಕಿನ ದಪ್ಪಕ್ಕೆ ಸರಿಯಾಗಿ ಕಂದು ಗೆರೆ ಇತ್ತು. ಉಜ್ಜಿ ನೋಡಿದರೆ ಗೆರೆಯಲ್ಲ, ಬಿರುಕು. ಎರಡೂ ಕಡೆಯ ಪಟ್ಟಿಗಳನ್ನು ಹೊಸದು ಮಾಡಿಸಿದೆ. ಮತ್ತೆ ಕೂರಿಸುವಾಗ ಸಿಲಿಕಾನ್ ಬಳಿಯಬೇಡಿ. ಅದು ಬಿಟ್ಟ ಜಾಗದಲ್ಲಿ ಮತ್ತೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಬ್ಯುಟೈಲ್ ಟೇಪು ಅಥವಾ ಪಾಲಿಸಲ್ಫೈಡ್ ಅಂಟು ಒಳ್ಳೆಯದು.

ಕೀಲ್ ಮತ್ತು ಒಡಲು

ಹಳೆ ದೋಣಿ ಅಂದ ಕೂಡಲೇ ಒಡಲೇ ಸೋರುತ್ತದೆ ಅಂತ ಜನ ಹೆದರುತ್ತಾರೆ. ಮರದ ದೋಣಿಯಲ್ಲಿ ಅದು ನಿಜ ಇರಬಹುದು. 1968ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಂಟಿಯಾಗಿ ಎಲ್ಲೂ ನಿಲ್ಲದೆ ಭೂಮಿ ಸುತ್ತಲು ಹೊರಟಾಗ ಅವರ ಸುಹೈಲಿ ಸೋರತೊಡಗಿತು. ಅದು ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ ದೋಣಿ. ಅವರು ಸಮುದ್ರದ ನಡುವೆ ನೀರಿಗಿಳಿದು, ಹಲಗೆಗಳ ಸಂದು ಬಿಟ್ಟಿರುವುದನ್ನು ಕಣ್ಣಾರೆ ಕಂಡರು. ಹತ್ತಿ ತುರುಕಿ, ಮೇಲೆ ತಾಮ್ರದ ಪಟ್ಟಿ ಹೊಡೆದು ಮುಂದೆ ಹೋದರು. 1969ರ ಏಪ್ರಿಲ್ 22ರಂದು ಫಾಲ್ಮತ್‌ಗೆ ಮರಳಿದರು.

ಫೈಬರ್ ದೋಣಿಗೆ ಆ ಸಂದುಗಳಿಲ್ಲ. ಹಳೆಯ ಫೈಬರ್ ಒಡಲು ಸಾಮಾನ್ಯವಾಗಿ ದಪ್ಪ, ಗಟ್ಟಿ. ಅಭಿಲಾಷ್ ಟೋಮಿ ಎರಡನೆಯವರಾಗಿ ಮುಗಿಸಿದ, ಒಂಟಿಯಾಗಿ ಭೂಮಿ ಸುತ್ತುವ 2022ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ದೋಣಿಯ ವಿನ್ಯಾಸ 1988ಕ್ಕಿಂತ ಹಿಂದಿನದೇ ಆಗಿರಬೇಕು ಅಂತ ನಿಯಮ ಇತ್ತು. ಸೋರುವುದು ಒಡಲಲ್ಲ, ಅದರಲ್ಲಿ ನಾವು ಕೊರೆದ ತೂತುಗಳು.

ಕೀಲ್ ಅಂದರೆ ದೋಣಿಯ ತಳದಡಿಯ ಭಾರದ ರೆಕ್ಕೆ. ಅದು ಬೋಲ್ಟಿನಿಂದ ಜೋಡಿಸಿದ್ದಾದರೆ ಮಾತ್ರ ಅದರ ಸಂದು ನೋಡಿ. ಮುಂಭಾಗದಲ್ಲಿ ಬಾಯಿ ಬಿಟ್ಟ ಹಾಗೆ ಬಿರುಕು, ಒಳಗೆ ಬೋಲ್ಟಿನ ಸುತ್ತ ತುಕ್ಕಿನ ನೀರು ಕಂಡರೆ ಬಲ್ಲವರನ್ನು ಕರೆಸಿ. ಅದು ಮೇಲೆ ಅಂಟು ಹಚ್ಚಿ ಮುಗಿಸುವ ಕೆಲಸ ಅಲ್ಲ. ಹ್ಯಾಂಬಲ್‌ನಲ್ಲಿ ಇಳಿತದ ಹೊತ್ತಿಗೆ ದೋಣಿ ಒರಗಿಸಿ ನಿಲ್ಲಿಸುವ ಕಂಬಗಳಿವೆ. ಭರತದಲ್ಲಿ ಹೋಗಿ ಕಟ್ಟಿದರೆ, ನೀರು ಇಳಿದ ಮೇಲೆ ಕೆಲವು ಗಂಟೆ ಕೆಳಗೆ ನಿಂತು ನೋಡಬಹುದು. ನೋಡುವುದಕ್ಕೆ ಅಷ್ಟು ಹೊತ್ತು ಸಾಕು.

ಸರಿಯಾಯಿತೇ ಅಂತ ತಿಳಿಯುವುದು

ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿ, ಮತ್ತೆ ಒಂದು ವಾರ ಅಳೆಯಿರಿ. ಮೂರು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಮತ್ತೆ ಸೋರಿದಾಗ ಅದು ಬೇಕಾಗುತ್ತದೆ.

ಎಲ್ಲ ಮುಗಿದ ಮೇಲೆ ಮತ್ತೆ ಶೆರ್ಬೂರ್‌ಗೆ ಹೋದೆ. ಅದೇ ಪಶ್ಚಿಮದ ಗಾಳಿ, ಇಡೀ ದಿನ ಎಡಕ್ಕೇ ವಾಲಿ. ಎರಡು ಗಂಟೆಗೊಮ್ಮೆ ಹಲಗೆ ಎತ್ತಿ ಕೈಯಾಡಿಸಿದೆ. ಬಂದರು ಮುಟ್ಟಿದಾಗ ಸ್ಪಂಜು ಹಿಂಡಿದ್ದು 60 ಮಿಲಿಲೀಟರ್. ಉಪ್ಪು. ಗ್ಲ್ಯಾಂಡ್ ಒಣಗಿತ್ತು, ಪಂಪಿನ ಪೈಪೂ ಒಣಗಿತ್ತು. ಹಿಂದೆ ಚುಕ್ಕಾಣಿಯ ಕೊಳವೆಯ ಹತ್ತಿರ ಉದುರಿಸಿದ್ದ ಪೌಡರಿನಲ್ಲಿ ಸಣ್ಣ ಗೆರೆಯೊಂದು ಬಿದ್ದಿದೆ. ಮುಂದಿನ ಸಲ ದೋಣಿ ದಡಕ್ಕೆ ಎತ್ತಿದಾಗ ಅದರ ಬುಷ್ ಬಿಚ್ಚಿ ನೋಡಬೇಕು. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.